ಅರಸುತನದ ವೈಭವವೂ ಪರಲೋಕದ ಮಹಿಮೆಯೂ

ಹರಪನಹಳ್ಳಿಗೆ ಸಮೀಪವಾದ ಬಾಗಳಿ ಗ್ರಾಮದಲ್ಲಿ ಕಲ್ಲೇಶ್ವರನ ಪುರಾತನ ದೇವಾಲಯವೊಂದಿದೆ. ರಾಷ್ಟ್ರಕೂಟರ ಆಳ್ವಿಕೆಯ ಕಡೆಗಾಲದಲ್ಲಿ ಮೊದಲಾಗಿ, ಕಲ್ಯಾಣದ ಚಾಲುಕ್ಯರ ಇಮ್ಮಡಿ ತೈಲಪನ ಕಾಲಕ್ಕೆ, ಎಂದರೆ ಹತ್ತನೆಯ ಶತಮಾನವು ಮುಗಿಯುತ್ತ ಬಂದ ಹೊತ್ತಿಗೆ, ಬೆಳೆದು ನಿಂತ ಈ ಗುಡಿಯ ವಿಶಾಲವಾದ ಮಂಟಪದಲ್ಲಿ ಸುಮಾರು 50 ಕಂಬಗಳಿವೆ. ತಿರುಗಣೆಯಲ್ಲಿ ಕಡೆದು ನುಣುಪು ಮಾಡಿದ ಆ ಕಂಬಗಳ ನಡುವೆ ನಿಂತವನಿಗೆ ತಾನು ಗುಡಿಯೊಳಗೆ ಬಂದೆನೋ ಯಾವನೋ ಚಕ್ರವರ್ತಿಯ ಓಲಗಶಾಲೆಗೆ ಬಂದೆನೋ ಎಂಬ ಸಂದೇಹ ಹುಟ್ಟಿದರೆ ಅದು ಅಸಂಗತವಲ್ಲ. ಕಟ್ಟಿಸಿದವರ ಮನಸ್ಸಿನಲ್ಲಿಯೂ ಈ ಎರಡಕ್ಕೆ ದೊಡ್ಡ ಭೇದವಿರಲಿಲ್ಲ. ಆ ಕಾಲದ ದೇವಾಲಯಶಾಸನಗಳನ್ನು ಓದಿದವರು ಬಲ್ಲರು: ದೇವರ ಮಜ್ಜನ, ಗಂಧ, ವಸ್ತ್ರಗಳಿಗೆಂದು ಅಂಗಭೋಗದ ದತ್ತಿ; ಆತನ ಸನ್ನಿಧಿಯಲ್ಲಿ ನಡೆಯುವ ನೃತ್ಯಗೀತವಾದ್ಯಗಳಿಗೆಂದು ರಂಗಭೋಗದ ದತ್ತಿ. ಛತ್ರ, ಚಾಮರ, ದರ್ಪಣಗಳ ರಾಜೋಪಚಾರವಿಲ್ಲದೆ ಪೂಜೆ ಪೂರ್ಣವೆನಿಸದು. ಅದೇ ಶಾಸನಗಳು ಅರಸನ ಪ್ರಸ್ತಾಪಕ್ಕೆ ಬಂದೊಡನೆ ಆತನನ್ನು ಸಮಸ್ತಭುವನಾಶ್ರಯನೆಂದೂ ಪರಮೇಶ್ವರನೆಂದೂ ಕೊಂಡಾಡುತ್ತವೆ. ಹೀಗೆ ದೇವರಿಗೆ ಅರಸನ ಭೋಗವೂ ಅರಸನಿಗೆ ದೇವರ ಬಿರುದೂ ಸಲ್ಲುತ್ತಿದ್ದ ನಾಡು ನಮ್ಮದು.

ದನದ ಕೊಟ್ಟಿಗೆಯಲ್ಲಿ ಹುಟ್ಟಿ, ಕಳ್ಳರ ನಡುವೆ ಶಿಲುಬೆಯ ಮೇಲೆ ಪ್ರಾಣಬಿಟ್ಟವನನ್ನು ಸ್ವಾಮಿಯೆಂದು ಕರೆಯುವ ಕ್ರೈಸ್ತಧರ್ಮದಲ್ಲಿ ಇಂಥ ರಾಜೋಪಚಾರಕ್ಕೆ ಎಡೆಯೆಲ್ಲಿ ಎಂದು ಕೇಳಬಹುದು. ಎಡೆ ಧಾರಾಳವಾಗಿದೆ. ಸಿಂಹಾಸನ, ಕಿರೀಟ, ರಾಜದಂಡ, ರತ್ನಖಚಿತವಾದ ಪುರ, ಎಡೆಬಿಡದ ಸ್ತುತಿಪಾಠ, ಇವಿಷ್ಟನ್ನು ತೆಗೆದುಹಾಕಿದರೆ ಆ ಧರ್ಮದ ಸ್ವರ್ಗವರ್ಣನೆಯಲ್ಲಿ ಉಳಿಯುವುದು ಅತ್ಯಲ್ಪ. ಕಣ್ಣಿಗೆ ಕಾಣದ ಮಹಿಮೆಯನ್ನು ಕಂಡ ವಸ್ತುಗಳಿಂದಲೇ ಹೇಳಬೇಕಾದ ಮನುಷ್ಯನಿಗೆ ತಾನು ಕಂಡವುಗಳಲ್ಲಿ ಅತ್ಯಂತ ಭವ್ಯವಾದುದು ರಾಜಸಭೆಯಾಗಿದ್ದ ಕಾಲದಲ್ಲಿ ಹೀಗಾದುದು ಸಹಜ. ಆದರೆ ಈ ಉಪಮೆ ಯಾವಾಗ, ಯಾರ ಬಾಯಿಂದ ಹೊರಟಿತೆಂಬುದನ್ನು ವಿಚಾರಿಸುತ್ತ ಹೋದರೆ ವಿಚಿತ್ರವಾದೊಂದು ಸಂಗತಿ ಎದುರಾಗುತ್ತದೆ.

ಬೈಬಲಿನ ಪ್ರವಾದಿಗಳಲ್ಲಿ ಅಗ್ರಗಣ್ಯನಾದ ಯೆಶಾಯನು ಉನ್ನತವಾದ ಸಿಂಹಾಸನದ ಮೇಲೆ ಆಸೀನನಾದ ದೇವರನ್ನು ಕಂಡನು. ಆತನ ನಿಲುವಂಗಿಯ ಅಂಚೊಂದೇ ದೇವಾಲಯವನ್ನೆಲ್ಲ ತುಂಬಿತ್ತು. ಈ ದರ್ಶನದ ಕಾಲವನ್ನು ಪ್ರವಾದಿಯು ಗುರುತಿಸುವುದು ಉಜ್ಜೀಯರಾಜನು ಮೃತನಾದ ವರ್ಷವೆಂದು. ಐವತ್ತೆರಡು ವರ್ಷ ರಾಜ್ಯವಾಳಿ, ಕೋಟೆಕೊತ್ತಲಗಳನ್ನು ಕಟ್ಟಿಸಿ, ದೂರದೇಶಗಳವರೆಗೆ ಕೀರ್ತಿ ಪಡೆದಿದ್ದ ಆ ಉಜ್ಜೀಯನು ಗರ್ವದಿಂದ ಯಾಜಕರ ಅಧಿಕಾರಕ್ಕೆ ಕೈಹಾಕಿ, ಕುಷ್ಠಪೀಡಿತನಾಗಿ, ಅರಮನೆಯನ್ನು ಬಿಟ್ಟು ಪ್ರತ್ಯೇಕವಾದ ಮನೆಯಲ್ಲಿ ಕಡೆಯ ದಿನಗಳನ್ನು ಕಳೆದನೆಂದು ಅದೇ ಗ್ರಂಥದ ಬೇರೊಂದು ಭಾಗ ಹೇಳುತ್ತದೆ. ಭೂಮಿಯ ಸಿಂಹಾಸನ ಬರಿದಾದ ವರ್ಷದಲ್ಲಿಯೇ ಸ್ವರ್ಗದ ಸಿಂಹಾಸನ ಗೋಚರಿಸಿತು. ಇದನ್ನು ಕಾಕತಾಳೀಯವೆಂದು ಬಿಡಬಹುದಾಗಿತ್ತು, ಮುಂದೆಯೂ ಹೀಗೆಯೇ ಆಗದೆ ಇದ್ದಿದ್ದರೆ.

ಹೊಸ ಒಡಂಬಡಿಕೆಯ ಕೊನೆಯ ಪುಸ್ತಕವಾದ ಪ್ರಕಟನೆಯನ್ನು ಬರೆದ ಯೋಹಾನನು ಪತ್ಮೋಸ್ ಎಂಬ ಸಣ್ಣ ದ್ವೀಪದಲ್ಲಿ ಇದ್ದವನು. ರೋಮಿನ ಅಧಿಕಾರದಿಂದ ದೂರ ತಳ್ಳಲ್ಪಟ್ಟವನೆಂಬುದು ಪರಂಪರೆಯ ಮಾತು. ಅವನು ಕಂಡ ಸ್ವರ್ಗದಲ್ಲಿ ಸಿಂಹಾಸನದ ಸುತ್ತ ಪಚ್ಚೆಯ ಕಾಂತಿಯ ಕಾಮನಬಿಲ್ಲು, ಮುಂದೆ ಗಾಜಿನಂತೆ ತಿಳಿಯಾದ ಸಮುದ್ರ, ಸುತ್ತಲೂ ಬಿಳಿಯ ಬಟ್ಟೆಯುಟ್ಟು ಚಿನ್ನದ ಕಿರೀಟ ಧರಿಸಿದ ಇಪ್ಪತ್ತನಾಲ್ಕು ಮಂದಿ ಹಿರಿಯರು. ಆ ಹಿರಿಯರು ತಮ್ಮ ಕಿರೀಟಗಳನ್ನು ತೆಗೆದು ಸಿಂಹಾಸನದ ಮುಂದೆ ಹಾಕುತ್ತಾರೆ. ಅಂದಿನ ಓದುಗರಿಗೆ ಈ ಕೊನೆಯ ಚಿತ್ರ ಅಪರಿಚಿತವಾಗಿರಲಾರದು. ಕ್ರಿ.ಶ. 63ರಲ್ಲಿ ಆರ್ಮೇನಿಯದ ತಿರಿದಾತನು ತನ್ನ ಮುಕುಟವನ್ನು ತೆಗೆದು ನೀರೋ ಚಕ್ರವರ್ತಿಯ ವಿಗ್ರಹದ ಪಾದದಲ್ಲಿ ಇಟ್ಟಿದ್ದನು. ಮೂರು ವರ್ಷಗಳ ಮೇಲೆ ರೋಮಿಗೆ ಬಂದು ಅದನ್ನು ನೀರೋವಿನ ಕೈಯಿಂದ ಮತ್ತೆ ಧರಿಸಿಕೊಂಡನು. ರೋಮಿನ ಆಸ್ಥಾನದಲ್ಲಿ ಚಕ್ರವರ್ತಿಗೆ ಸಲ್ಲುತ್ತಿದ್ದ ಗೌರವವನ್ನೆಲ್ಲ ದ್ವೀಪದ ಆ ನಿರಾಶ್ರಿತನು ಮೌನವಾಗಿ ಕಿತ್ತುಕೊಂಡು ಅದರ ನಿಜವಾದ ಒಡೆಯನೆಂದು ತಾನು ನಂಬಿದವನಿಗೆ ಒಪ್ಪಿಸಿಬಿಟ್ಟನು. ಇದು ಸ್ತುತಿ ಮಾತ್ರವಲ್ಲ, ರಾಜದ್ರೋಹವೂ ಹೌದು.

ಎರಡು ಶತಮಾನಗಳಾಚೆ ಚಕ್ರವರ್ತಿಯೇ ಕ್ರೈಸ್ತರ ಪಕ್ಷಕ್ಕೆ ಬಂದಾಗ ಉಪಮೆಯ ಗತಿ ತಿರುಗಿತು. 325ರಲ್ಲಿ ನಿಕೇಯ ನಗರದಲ್ಲಿ ಬಿಷಪರ ಮಹಾಸಭೆ ಸೇರಿದಾಗ, ಕಾನ್‌ಸ್ಟಂಟೈನನು ತನ್ನ ಆಳ್ವಿಕೆಯ ಇಪ್ಪತ್ತನೆಯ ವರ್ಷದ ಉತ್ಸವದ ಅಂಗವಾಗಿ ಅವರಿಗೆಲ್ಲ ಅರಮನೆಯಲ್ಲಿ ಔತಣವಿತ್ತನು. ಕೆಲವೇ ವರ್ಷಗಳ ಹಿಂದೆ ಇದೇ ಸಾಮ್ರಾಜ್ಯದ ಸೈನಿಕರ ಕೈಯಲ್ಲಿ ಹಿಂಸೆ ಅನುಭವಿಸಿ ಅದರ ಕಲೆಗಳನ್ನು ಮೈಮೇಲೆ ಹೊತ್ತಿದ್ದವರು ಅವರಲ್ಲಿದ್ದರು. ಈಗ ಬಿಚ್ಚುಗತ್ತಿ ಹಿಡಿದು ಸಾಲಾಗಿ ನಿಂತ ಕಾವಲುಭಟರ ನಡುವೆ ನಿರ್ಭಯರಾಗಿ ನಡೆದು ಅರಮನೆಯ ಒಳಗಣ ಭೋಜನಶಾಲೆಯನ್ನು ಹೊಕ್ಕು ಚಕ್ರವರ್ತಿಯೊಡನೆ ಕುಳಿತುಣ್ಣುತ್ತಿದ್ದರು. ಆ ಕಾಲದ ಇತಿಹಾಸವನ್ನು ಬರೆದ ಯೂಸೇಬಿಯಸನಿಗೆ ಇದು ಎಚ್ಚರದಲ್ಲಿ ಕಂಡುದೆನಿಸದೆ ಕನಸೆನಿಸಿತು. ಕ್ರಿಸ್ತನ ರಾಜ್ಯದ ಪ್ರತಿಬಿಂಬವೇ ಇಲ್ಲಿ ಮೂಡಿದೆಯೆಂದು ಭ್ರಮಿಸುವಂತಿತ್ತೆಂದು ಅವನು ಬರೆದಿದ್ದಾನೆ. ನೊಂದವನ ಸಂತೋಷವನ್ನು ನಾವು ಆಕ್ಷೇಪಿಸಬಾರದು. ಆದರೂ ಆ ಔತಣದ ಯಜಮಾನನು ಮರುವರ್ಷವೇ ತನ್ನ ಹಿರಿಯ ಮಗ ಕ್ರಿಸ್ಪಸನನ್ನು ಕೊಲ್ಲಿಸಿದನೆಂಬುದನ್ನು ನೆನೆದರೆ, ಎದುರಿಗಿದ್ದ ಸಿಂಹಾಸನದಲ್ಲಿ ಸ್ವರ್ಗವನ್ನು ಕಾಣುವ ಕಣ್ಣು ಎಷ್ಟು ಸುಲಭವಾಗಿ ಮೋಸಹೋಗುತ್ತದೆಂಬುದು ತಿಳಿಯುತ್ತದೆ.

ಇದೇ ಉಪಮೆಯನ್ನು ಬೇರೆ ರೀತಿಯಲ್ಲಿ ಹಿಡಿದವನು ಫುಲ್ಜೆಂತಿಯಸ್. ಉತ್ತರ ಆಫ್ರಿಕದ ಸಂಪನ್ನ ಮನೆತನದಲ್ಲಿ ಹುಟ್ಟಿ, ಕಂದಾಯದ ಅಧಿಕಾರಿಯಾಗಿ, ಆ ಪದವಿಯನ್ನು ತೊರೆದು ಸಂನ್ಯಾಸಿಯಾದ ಈತನು 500ರಲ್ಲಿ, ಜೀರ್ಣವಸ್ತ್ರದ ಯಾತ್ರಿಕನಾಗಿ, ರೋಮ್ ನಗರಕ್ಕೆ ಬಂದನು. ಆ ವರ್ಷವೇ ಗಾಥ್ ಜನಾಂಗದ ದೊರೆ ಥಿಯೊಡೋರಿಕನು ರೋಮಿಗೆ ಬಿಜಯಮಾಡಿದ್ದನು. ಸೆನೆಟಿನ ಸದಸ್ಯರು ತಮ್ಮ ತಮ್ಮ ಅಂತಸ್ತಿಗೆ ತಕ್ಕಂತೆ ಸಾಲುಗಟ್ಟಿ ಕುಳಿತಿದ್ದ ಸಭೆಯಲ್ಲಿ ದೊರೆ ಮಾತನಾಡುತ್ತಿದ್ದನು. ಜನಸ್ತೋಮದ ಜಯಘೋಷ ಕಿವಿ ತುಂಬುತ್ತಿತ್ತು. ಅದನ್ನೆಲ್ಲ ನೋಡಿದ ಸಂನ್ಯಾಸಿ ಜೊತೆಯವರಿಗೆ ಹೇಳಿದ ಮಾತಿನ ತಾತ್ಪರ್ಯವಿಷ್ಟು: ಮಣ್ಣಿನ ರೋಮೇ ಇಷ್ಟು ಥಳಥಳಿಸುವುದಾದರೆ ಸ್ವರ್ಗದ ಯೆರೂಸಲೇಮಿನ ಸೊಬಗು ಎಂಥದಿರಬೇಕು; ನಶ್ವರವನ್ನು ಪ್ರೀತಿಸುವವರಿಗೇ ಇಷ್ಟು ಗೌರವವಾದರೆ ಸತ್ಯವನ್ನು ಧ್ಯಾನಿಸುವ ಸಂತರಿಗೆ ಸಲ್ಲುವ ಗೌರವ ಎಂಥದಿರಬೇಕು. ನಮ್ಮ ಶಾಸ್ತ್ರಕಾರರು ಕೈಮುತಿಕನ್ಯಾಯವೆಂದು ಕರೆಯುವ ತರ್ಕ ಇದೇ. ಅಲ್ಪದಲ್ಲಿಯೇ ಇಷ್ಟಿರುವಾಗ ಮಹತ್ತಿನಲ್ಲಿ ಹೇಳತಕ್ಕದ್ದೇನು ಎಂಬ ವಾದ. ಯೂಸೇಬಿಯಸನು ಅರಮನೆಯನ್ನು ಕಂಡು ಸ್ವರ್ಗ ಬಂದಿತೆಂದುಕೊಂಡನು. ಫುಲ್ಜೆಂತಿಯಸನು ಅರಮನೆಯನ್ನು ಕಂಡು ಸ್ವರ್ಗ ಇನ್ನೂ ದೂರವಿದೆಯೆಂದುಕೊಂಡನು. ಕಂದಾಯದ ಲೆಕ್ಕ ಬರೆದು ಬೇಸತ್ತವನಾದುದರಿಂದ ವೈಭವದ ಬೆಲೆ ಯಾರಿಂದ ವಸೂಲಾಗುತ್ತದೆಂಬುದನ್ನು ಅವನು ಅರಿತಿದ್ದಿರಬಹುದು.

ಆದರೆ ಈ ನ್ಯಾಯವನ್ನು ಬಳಸುವುದರಲ್ಲಿ ಫುಲ್ಜೆಂತಿಯಸನಿಗಿಂತ ಯೇಸು ಬಹು ಮುಂದೆ ಹೋಗಿದ್ದಾನೆ. ಬಾಗಳಿಯಿಂದ ಬಹು ದೂರವಲ್ಲದ ಹೂವಿನಹಡಗಲಿಯಿಂದ, ವಿಜಯನಗರದ ಕಾಲದಲ್ಲಿ, ದೇವರ ಪೂಜೆಗೂ ಅರಮನೆಯ ಅಲಂಕಾರಕ್ಕೂ ಬೇಕಾದ ಹೂವು ತುಂಗಭದ್ರೆಯ ಮೇಲೆ ಹೋಗುತ್ತಿತ್ತೆಂದು ಈ ಸೀಮೆಯ ಐತಿಹ್ಯ. ರಾಜಧಾನಿಯ ವೈಭವವು ಹಳ್ಳಿಯ ಹೂವನ್ನು ಕಾದು ಕುಳಿತಿರುತ್ತಿತ್ತೆಂಬ ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಪರ್ವತಪ್ರಸಂಗದ ಪ್ರಸಿದ್ಧವಾದ ಮಾತನ್ನು ವಿಚಾರಿಸಬೇಕು. ಸೊಲೊಮೋನನೆಂದರೆ ಯೆಹೂದ್ಯರ ಕಲ್ಪನೆಯಲ್ಲಿ ಐಶ್ವರ್ಯದ ಪರಮಾವಧಿ. ದಂತದ ಸಿಂಹಾಸನಕ್ಕೆ ಚಿನ್ನದ ತಗಡು ಹೊದಿಸಿ, ಆರು ಮೆಟ್ಟಿಲುಗಳ ಎರಡು ಪಕ್ಕದಲ್ಲಿ ಹನ್ನೆರಡು ಸಿಂಹಗಳನ್ನು ನಿಲ್ಲಿಸಿದವನು. ಇಂದು ಅರಳಿ ನಾಳೆ ಒಲೆಗೆ ಬೀಳುವ ಅಡವಿಯ ಹೂವಿಗಿರುವ ಅಲಂಕಾರ ಅಂಥವನಿಗೂ ಇರಲಿಲ್ಲವೆಂದು ಯೇಸು ಹೇಳಿದನು. ಹುಲ್ಲಿಗೇ ಹೀಗೆ ಉಡಿಸುವ ದೇವರು ನಿಮ್ಮನ್ನು ಮರೆತಾನೆಯೆ ಎಂದು ಕೇಳಿದನು. ನ್ಯಾಯ ಅದೇ ಕೈಮುತಿಕ. ಮೆಟ್ಟಿಲು ಮಾತ್ರ ಬೇರೆ. ಅರಮನೆಯಿಂದ ಮೇಲಕ್ಕೆ ಹತ್ತುವುದರ ಬದಲು ಅವನು ಹೂವಿನಿಂದ ಮೇಲಕ್ಕೆ ಹತ್ತುತ್ತಾನೆ, ಅರಮನೆ ಕೆಳಗೆಯೇ ಉಳಿದುಬಿಡುತ್ತದೆ.

ಹಂಪೆಯ ವೈಭವವನ್ನು ಕಣ್ಣಾರೆ ಕಂಡು ಬರೆದ ಕ್ರೈಸ್ತನೊಬ್ಬನುಂಟು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು ಮಹಾನವಮಿಯ ಉತ್ಸವವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಆನೆಕುದುರೆಗಳ ಸಾಲು, ಮೈಮೇಲಿನ ಒಡವೆಗಳ ಭಾರಕ್ಕೆ ಕುಗ್ಗಿ ಪರಿಚಾರಕರ ಆಸರೆಯಿಂದ ನಡೆಯುವ ಸ್ತ್ರೀಯರು, ಇವೆಲ್ಲವನ್ನೂ ಬಿಡದೆ ಬರೆದ ಆತನ ಬರಹದಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು ಒಂದೇ: ಮಾಣಿಕ್ಯ ಮುತ್ತುಗಳನ್ನು ಕೂಡಿಸಿದ ಚಿನ್ನದ ತಗಡಿನ ಸಿಂಹಾಸನದ ಮೇಲೆ ಹೂವಿನ ರಾಶಿಯ ನಡುವೆ ಇದ್ದುದು ಅರಸನಲ್ಲ, ದೇವರ ಚಿನ್ನದ ವಿಗ್ರಹ. ಕಿರೀಟವನ್ನು ಕೆಳಗಿಟ್ಟ ಹಿರಿಯರ ಕಥೆಯನ್ನು ಬಾಲ್ಯದಿಂದ ಕೇಳಿ ಬಲ್ಲ ಪರದೇಶಿಗೆ ಆ ದೃಶ್ಯ ಏನು ಹೇಳಿತೋ ಅವನು ಬರೆದಿಡಲಿಲ್ಲ. ಸುಮಾರು 45 ವರ್ಷಗಳ ಮೇಲೆ, 1565ರಲ್ಲಿ, ಆ ರಾಜಧಾನಿ ಹಾಳಾಯಿತು.

ಸಿಂಹಾಸನಗಳು ಉರುಳಿದ ನೆಲಕ್ಕೆ ಸ್ವರ್ಗದ ಸಿಂಹಾಸನದ ವರ್ಣನೆ ಕನ್ನಡದ ಮಾತಿನಲ್ಲಿ ಬಂದುದು ಬಳ್ಳಾರಿಯ ಮೂಲಕ. ನಿಜಾಮನು 1800ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಸೀಮೆಯಿದು. ಥಾಮಸ್ ಮನ್ರೋ ಇಲ್ಲಿಯ ಪಾಳೆಯಗಾರರ ಅಧಿಕಾರವನ್ನು ಮುರಿದು ಕಂದಾಯದ ವ್ಯವಸ್ಥೆ ಮಾಡಿದನು. ಆಮೇಲೆ ಹತ್ತು ವರ್ಷಕ್ಕೆ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲಸಿ, ಕನ್ನಡ ಕಲಿತು, ಬೈಬಲಿನ ಭಾಷಾಂತರಕ್ಕೆ ಕೈಹಾಕಿದನು. 1831ರ ಹೊತ್ತಿಗೆ ಸಮಗ್ರ ಗ್ರಂಥ ಕನ್ನಡಕ್ಕೆ ಇಳಿದಿತ್ತು. ಜೊತೆಗಾರನಾದ ವಿಲಿಯಮ್ ರೀವ್ ಇದೇ ಊರಿನಲ್ಲಿದ್ದು ಕನ್ನಡದ ನಿಘಂಟನ್ನು ರಚಿಸಿದನು. ಅಂದು ಬಳ್ಳಾರಿ ಜಿಲ್ಲೆಗೇ ಸೇರಿದ್ದ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಗಳ ಕಡೆಯ ಓದುಗನೊಬ್ಬನು ಆ ಪುಸ್ತಕವನ್ನು ತೆರೆದಿದ್ದರೆ, ಅದರಲ್ಲಿಯ ಸಿಂಹಾಸನ ಕಿರೀಟಗಳನ್ನು ಕಲ್ಪಿಸಿಕೊಳ್ಳಲು ಅವನಿಗೆ ಕಷ್ಟವಾಗುತ್ತಿರಲಿಲ್ಲ. ಅವು ಶಾಶ್ವತವೆಂದು ನಂಬುವುದು ಕಷ್ಟವಾಗುತ್ತಿತ್ತು. ತಾತನ ಕಾಲದ ದೊರೆಗಳು ಅವನ ಕಾಲಕ್ಕೆ ವಿಶ್ರಾಂತಿವೇತನದವರಾಗಿದ್ದರಷ್ಟೆ.

ಅದೇ 1831ರಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಇಂಗ್ಲಿಷರು ರಾಜ್ಯದ ಆಡಳಿತವನ್ನು ಕಿತ್ತುಕೊಂಡರು. ಬಿರುದು, ಅರಮನೆ, ದಸರೆಯ ದರ್ಬಾರು ಉಳಿದವು. ಆಳುವ ಅಧಿಕಾರ ಉಳಿಯಲಿಲ್ಲ. ಹೀಗೆ ರಾಜ್ಯವಿಲ್ಲದ ರಾಜನಾಗಿ ಹನ್ನೆರಡು ವರ್ಷ ಕಳೆದ ಮೇಲೆ, 1843ರಲ್ಲಿ, ಆ ಪ್ರಭುವು ಮೈಸೂರಿನ ಕ್ರೈಸ್ತರಿಗಾಗಿ ಒಂದು ಇಗರ್ಜಿಯನ್ನು ಕಟ್ಟಿಸಿಕೊಟ್ಟನು. ಅಲ್ಲಿಯ ಶಿಲಾಲೇಖನದ ಒಕ್ಕಣೆ ಗಮನಾರ್ಹವಾದುದು. ಜ್ಯೋತಿರ್ಲೋಕವನ್ನೂ ಭೂಲೋಕವನ್ನೂ ಸಮಸ್ತ ಜೀವರಾಶಿಯನ್ನೂ ಸೃಷ್ಟಿಸಿ, ರಕ್ಷಿಸಿ, ಆಳುವ ಏಕೈಕ ಸರ್ವೇಶ್ವರನ ಹೆಸರಿನಲ್ಲಿ, ಲೋಕದ ಜ್ಞಾನಜ್ಯೋತಿಯಾದ ಯೇಸುಕ್ರಿಸ್ತನು ಮನುಷ್ಯನಾಗಿ ಅವತರಿಸಿದ 1843 ವರ್ಷಗಳ ಮೇಲೆ, ಈ ಮಂದಿರ ಕಟ್ಟಲ್ಪಟ್ಟಿತೆಂಬುದು ಅದರ ಭಾವ. ಬಾಗಳಿಯ ಕಾಲದ ಶಾಸನವಾಗಿದ್ದರೆ ಅರಸನ ಬಿರುದುಗಳಿಂದಲೇ ಮೊದಲಾಗುತ್ತಿತ್ತು. ಇಲ್ಲಿ ಆಳುವವನೆಂಬ ಹೆಸರು ಪೂರ್ತಿಯಾಗಿ ಮೇಲಿನವನಿಗೆ ಸಂದಿದೆ. ಚಾಮುಂಡೇಶ್ವರಿಯ ಪರಮಭಕ್ತನಾದ ಅರಸನು ಪರಧರ್ಮದ ಗುಡಿಯ ಮೇಲೆ ಹೀಗೆ ಬರೆಯಿಸಿದುದರಲ್ಲಿ ಔದಾರ್ಯವೆಷ್ಟು, ರಾಜ್ಯ ಕಳೆದುಕೊಂಡವನ ತಿಳಿವಳಿಕೆಯೆಷ್ಟು ಎಂದು ತೂಗಿ ಹೇಳುವುದು ಯಾರಿಂದಲೂ ಆಗದು. ಎರಡೂ ಇದ್ದುವೆಂದು ನನ್ನ ಅಭಿಪ್ರಾಯ.

ಆ ಸ್ಥಳದಲ್ಲಿಯೇ ಈಗ ನಾವು ನೋಡುವ ಸಂತ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಅಸ್ತಿಭಾರದ ಶಿಲೆಯನ್ನಿಟ್ಟರು. ಜರ್ಮನಿಯ ಕಲೋನ್ ನಗರದ ಮಹಾದೇವಾಲಯವನ್ನು ನೆನಪಿಗೆ ತರುವ, ಬಣ್ಣದ ಗಾಜಿನ ಕಿಟಕಿಗಳ, ಶಿಲುಬೆಯಾಕಾರದ ಈ ಕಟ್ಟಡದ ಜೋಡಿಗೋಪುರಗಳ ಎತ್ತರ 175 ಅಡಿ. ಬೆಂಕಿಗೆ ಆಹುತಿಯಾದ ಹಳೆಯ ಅರಮನೆಯ ಸ್ಥಾನದಲ್ಲಿ 1912ರ ಹೊತ್ತಿಗೆ ಮುಗಿದ ಅಂಬಾವಿಲಾಸದ ಚಿನ್ನದ ಕಳಶದ ಗೋಪುರವಾದರೋ 145 ಅಡಿ. ತನ್ನ ಅರಮನೆಗಿಂತ ಎತ್ತರವಾಗಿ ಏಳಲಿರುವ ಕಟ್ಟಡಕ್ಕೆ ಅರಸನೇ ಕಲ್ಲಿಡುವುದು ಯುರೋಪಿನ ಇತಿಹಾಸದಲ್ಲಿಯೂ ದಿನನಿತ್ಯದ ಸಂಗತಿಯಲ್ಲ. ಅಲ್ಲಿ ಕಲ್ಲಿಟ್ಟವರು ಸ್ವಧರ್ಮದವರಾದರೂ ಆಗಿರುತ್ತಿದ್ದರು.

ನಾಲ್ವಡಿಯವರು ಕಲ್ಲಿಡುವುದಕ್ಕೆ ಎಂಟು ವರ್ಷ ಮೊದಲು, 1925ರಲ್ಲಿ, ಪೋಪ್ ಹನ್ನೊಂದನೆಯ ಪಯಸ್ ಅವರು ಕ್ರಿಸ್ತರಾಜರ ಹಬ್ಬವನ್ನು ಸ್ಥಾಪಿಸಿದ್ದರು. ಅದರ ಕಾಲವನ್ನೂ ಗಮನಿಸಬೇಕು: ಮಹಾಯುದ್ಧದ ಹೊಡೆತಕ್ಕೆ ರಷ್ಯ, ಜರ್ಮನಿ, ಆಸ್ಟ್ರಿಯಗಳ ಚಕ್ರವರ್ತಿಪೀಠಗಳೂ ತುರ್ಕರ ಸುಲ್ತಾನಗಿರಿಯೂ ಒಂದರ ಬೆನ್ನಿಗೆ ಒಂದು ಕುಸಿದುಹೋದ ಮೇಲೆಯೇ ಕ್ರಿಸ್ತನ ಅರಸುತನಕ್ಕೆಂದು ಪ್ರತ್ಯೇಕವಾದ ಹಬ್ಬ ಹುಟ್ಟಿತು. ಉಜ್ಜೀಯನು ಸತ್ತ ವರ್ಷದ ಕಥೆ ಹೀಗೆ ಮತ್ತೆ ಮತ್ತೆ ನಡೆಯುತ್ತ ಬಂದಿದೆ.

ಅರಸುತನವನ್ನು ಕಳೆದುಕೊಂಡವರ ಮಾತಾಯಿತು. ತಾನಾಗಿ ಬಿಟ್ಟವನ ಚಿತ್ರ ನೋಡಬೇಕೆಂದರೆ ಮಂಗಳೂರಿಗೆ ಹೋಗಬೇಕು. ಇಟಲಿಯಿಂದ ಬಂದ ಚಿತ್ರಕಾರ ಆಂಟೋನಿಯೊ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿಯ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆಮಾಡುಗಳನ್ನೆಲ್ಲ ವರ್ಣಮಯ ಮಾಡಿಟ್ಟಿದ್ದಾನೆ. ಮಾಡಿನ ಚಿತ್ರಗಳ ನಾಯಕನಾದ ಅಲೋಶಿಯಸ್ ಗೊನ್ಜಾಗಾ 1568ರಲ್ಲಿ ಕಾಸ್ತಿಲ್ಯೋನೆಯ ಪ್ರಭುವಿನ ಹಿರಿಯ ಮಗನಾಗಿ ಹುಟ್ಟಿ, ಸ್ಪೇನಿನ ಇಮ್ಮಡಿ ಫಿಲಿಪ್ಪನ ಆಸ್ಥಾನದಲ್ಲಿ ರಾಜಕುಮಾರನ ಪರಿವಾರದವನಾಗಿ ಬೆಳೆದು, ತಂದೆಯ ಕೋಪವನ್ನು ಲೆಕ್ಕಿಸದೆ ಪಟ್ಟದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಯನ್ನು ಸೇರಿದನು. ರೋಮಿನಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ರೋಗಿಗಳ ಶುಶ್ರೂಷೆಯಲ್ಲಿ ತೊಡಗಿ, ಅದರಿಂದಲೇ 1591ರಲ್ಲಿ ತೀರಿಕೊಂಡನು. ಆಗ ಅವನಿಗೆ 23 ವರ್ಷ. ಕಪಿಲವಸ್ತುವಿನ ರಾಜಕುಮಾರನನ್ನೂ ಶ್ರವಣಬೆಳಗೊಳದ ಬಾಹುಬಲಿಯನ್ನೂ ಬಲ್ಲ ನಮಗೆ ಈ ಕಥೆಯ ಜಾಡು ಹೊಸತಲ್ಲ.

ಬೆಂಗಳೂರಿನ ವಿವೇಕನಗರದಲ್ಲಿ ಗುರುವಾರ ಗುರುವಾರ ಸಹಸ್ರಾರು ಜನ, ಕ್ರೈಸ್ತರೂ ಅಲ್ಲದವರೂ, ನೆರೆಯುವ ಬಾಲಯೇಸುವಿನ ದೇವಾಲಯದಲ್ಲಿ ಇದೇ ತತ್ತ್ವ ಬೇರೊಂದು ವೇಷದಲ್ಲಿದೆ. ಮೂಲದ ಮೂರ್ತಿ ಯುರೋಪಿನ ಪ್ರಾಗ್ ನಗರದ್ದು. 1628ರಲ್ಲಿ ಪೊಲಿಕ್ಸೇನಾ ಎಂಬ ಪ್ರಭುಮನೆತನದ ಮಹಿಳೆ ಅಲ್ಲಿಯ ಕಾರ್ಮೆಲ್ ಸಂನ್ಯಾಸಿಗಳಿಗೆ ಕೊಟ್ಟದ್ದು. ತಲೆಯ ಮೇಲೆ ಚಿನ್ನದ ಕಿರೀಟ, ಮೈಮೇಲೆ ಜರಿಯ ನಿಲುವಂಗಿ, ಎಡಗೈಯಲ್ಲಿ ಶಿಲುಬೆಯುಳ್ಳ ಭೂಗೋಳ. ಹೊತ್ತವನು ಮಾತ್ರ ಇನ್ನೂ ಮಾತು ಕಲಿಯುವ ವಯಸ್ಸಿನ ಕೂಸು. ಉಡುಪನ್ನು ಹಬ್ಬಕ್ಕೆ ತಕ್ಕಂತೆ ಬದಲಿಸುವ ಪ್ರಾಗಿನ ಪದ್ಧತಿಯನ್ನು ಕೇಳಿದರೆ ನಮ್ಮ ಗುಡಿಗಳ ಅಲಂಕಾರಸೇವೆ ನೆನಪಾಗದೆ ಇರದು.

ಈ ಚಿನ್ನದ ಕಿರೀಟಗಳ ಬಗ್ಗೆ ಕ್ರೈಸ್ತರೊಳಗೇ ಕಠಿನವಾದ ಆಕ್ಷೇಪ ಉಂಟು. ಅದನ್ನು ಯೋಹಾನ್ ಕ್ರಿಸಾಸ್ತಮನಷ್ಟು ನಿಷ್ಠುರವಾಗಿ ಆಡಿದವರು ವಿರಳ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿ ಉಪದೇಶಿಯಾಗಿದ್ದು ಅನಂತರ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲಿಗೇ ಬಿಷಪನಾದ ಈತನು, ದೇವಾಲಯದಲ್ಲಿ ಕ್ರಿಸ್ತನಿಗೆ ಪಟ್ಟೆಪೀತಾಂಬರ ಹೊದಿಸಿ ಹೊರಗೆ ಚಳಿಯಲ್ಲಿ ನಡುಗುವ ಕ್ರಿಸ್ತನನ್ನು ಮರೆಯುವುದುಂಟೆ ಎಂದು ಕೇಳಿದನು. ಮೊದಲು ಹಸಿದವನಿಗೆ ಉಣ್ಣಿಸಿ, ಮಿಕ್ಕದ್ದರಲ್ಲಿ ಪೀಠವನ್ನು ಅಲಂಕರಿಸಿ ಎಂಬುದು ಅವನ ವಿಧಿ. ಚಕ್ರವರ್ತಿನಿಯ ಕೋಪಕ್ಕೆ ಗುರಿಯಾಗಿ, ದೇಶಭ್ರಷ್ಟನಾಗಿ, 407ರಲ್ಲಿ ದಾರಿಯಲ್ಲಿಯೇ ಸತ್ತನು. ಅಲಂಕಾರವೇ ಬೇಡವೆಂದು ಅವನು ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಅವನು ಹೇಳಿದ್ದು ಸರದಿಯನ್ನು.

ಅವನಿಗಿಂತ ಮೊದಲೇ, 258ರಲ್ಲಿ, ರೋಮಿನ ಸಭೆಯ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಲಾರೆನ್ಸನು ಇದನ್ನು ನಡೆಯಿಂದ ತೋರಿಸಿದನೆಂದು ಪರಂಪರೆ ನಂಬುತ್ತದೆ. ಸಭೆಯ ಐಶ್ವರ್ಯವನ್ನೆಲ್ಲ ತಂದೊಪ್ಪಿಸೆಂದು ಅಧಿಕಾರಿ ಆಜ್ಞಾಪಿಸಲು, ಅವನು ಇದ್ದದ್ದನ್ನು ಹಂಚಿಬಿಟ್ಟು, ಕುಂಟರು, ಕುರುಡರು, ವಿಧವೆಯರು, ಅನಾಥರು ಇವರನ್ನೆಲ್ಲ ಸಾಲಾಗಿ ನಿಲ್ಲಿಸಿ, ನಮ್ಮ ಭಂಡಾರ ಇದೇ ಎಂದನಂತೆ. ಅದಕ್ಕಾಗಿ ಕಾದ ಕಬ್ಬಿಣದ ಸರಳುಗಳ ಮೇಲೆ ಸುಡಲ್ಪಟ್ಟನಂತೆ. ಈ ಲಾರೆನ್ಸನ ಹೆಸರಿನ ಪುಣ್ಯಕ್ಷೇತ್ರ ನಮ್ಮ ಕಾರ್ಕಳದ ಅತ್ತೂರಿನಲ್ಲಿದೆ. ಪ್ರತಿ ಜನವರಿಯಲ್ಲಿ ನಡೆಯುವ ಅಲ್ಲಿಯ ಸಾಂತ್‌ಮಾರಿ ಜಾತ್ರೆಗೆ ಕರಾವಳಿಯ ಎಲ್ಲ ಮತದವರೂ ಹರಕೆ ಹೊತ್ತು ಹೋಗುತ್ತಾರೆ; 2016ರಲ್ಲಿ ರೋಮಿನ ಪೀಠವು ಆ ದೇವಾಲಯವನ್ನು ಕಿರಿಯ ಬಸಿಲಿಕವೆಂಬ ಪದವಿಗೆ ಏರಿಸಿತು. ಸ್ವರ್ಗವನ್ನು ರಾಜಸಭೆಯೆಂದು ಬಣ್ಣಿಸಿದವರಲ್ಲಿ, ಆ ಸಭೆಯಲ್ಲಿ ಮುಂದಿನ ಸಾಲಿಗೆ ಯಾರು ಬರತಕ್ಕವರೆಂಬುದನ್ನು ಸರಿಯಾಗಿ ತಿಳಿದಿದ್ದವನು ಲಾರೆನ್ಸನೇ ಎಂದು ನಾನು ಎಣಿಸುತ್ತೇನೆ.